ಅಮ್ಮನ ಎಲೆಕ್ಷನ್ ಫ್ಲೆಕ್ಸು

ಮಳೆ ಬಂದ ದಿನ ನಮ್ಮೂರಿನ ಹಸುಗಳೆಲ್ಲ ನೀರು ಕರೆಯುತ್ತವೆ. ಇದು ನಾನು ಹೇಳುವ ಮಾತಲ್ಲ, ನಮ್ಮೂರ ಮಹಿಳಾ ಡೈರಿಯ ಮೆಷಿನ್ನು ಹೇಳುವ ಮಾತು. ಡೈರಿಯೆಂದರೆ ಒಂದೇ ಕೋಣೆ. ಕೋಣೆಯೊಳಗೆ ಹಾಲು ಪರೀಕ್ಷೆ ಮಾಡುವ ಮೆಷಿನ್ನು, ತೂಕದ ಯಂತ್ರ, ದೇವರ ಪಟ ಮತ್ತು ಸೆಕ್ರೆಟರಿಯವರ ಗಂಡ ಇರುತ್ತಾರೆ. ಹಾಲು ತಂದ ಹೆಂಗಸರು ಹೊರಗೆ ರಸ್ತೆಯಲ್ಲಿ ಸಾಲು ನಿಲ್ಲುತ್ತಾರೆ. ಅವರ ತಲೆಯ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಒಳಗಿನಿಂದ "ಮುಚ್ಚಳ ತಗೀರಿ, ಬೇಗ ಬೇಗ" ಎಂಬ ಕೂಗು ಬಂದ ಕೂಡಲೇ, ತಮ್ಮ ಸರದಿ ಇನ್ನೂ ಎಷ್ಟೇ ದೂರವಿರಲಿ, ಎಲ್ಲರೂ ಕ್ಯಾನಿನ ಮುಚ್ಚಳ ತೆಗೆದು ಹಿಡಿದುಕೊಳ್ಳಬೇಕು. ಮಳೆ ನೇರವಾಗಿ ಕ್ಯಾನಿಗೇ ಬೀಳುತ್ತದೆ. ಆಮೇಲೆ ಮೆಷಿನ್ನು ಇದರಲ್ಲಿ ನೀರಿದೆ ಎನ್ನುತ್ತದೆ. ಆ ನೀರನ್ನು ಬೆರೆಸಿದವರು ಯಾರು ಎಂಬುದನ್ನು ಸೆಕ್ರೆಟರಿಯವರ ಗಂಡ ಮುಖ ನೋಡಿ ಹೇಳುತ್ತಾರೆ.

ಸೆಕ್ರೆಟರಿ ಹೆಂಗಸೇ. ಮಹಿಳಾ ಸಂಘವಲ್ಲವೇ, ಕಾಗದದ ಮೇಲೆ ಎಲ್ಲರೂ ಹೆಂಗಸರೇ ಇರಬೇಕು. ಮೆಷಿನ್ನಿನ ಮುಂದೆ ಗಂಡ ಕೂತಿರುವ ಹೊತ್ತಿನಲ್ಲಿ ಆಕೆ ಮನೆಯಲ್ಲಿ ಕೊಟ್ಟಿಗೆ ಬಾಚುತ್ತಿರುತ್ತಾರೆ. ಇದು ಯಾರಿಗೂ ವಿಚಿತ್ರ ಅನಿಸಿದ್ದನ್ನು ನಾನು ನೋಡಿಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ಆ ಗಂಡಪ್ಪ ನನ್ನಮ್ಮನ ಹಾಲನ್ನು ವಾಪಸ್ಸು ಸರಿಸಿ, ಸಾಲಿಗೆಲ್ಲ ಕೇಳುವಂತೆ, "ಏನಕ್ಕ, ಹಸೂಗೆ ನೀರ್ ಕುಡ್ಸುದ್ರಾ, ಇಲ್ಲ ಕ್ಯಾನಿಗೆ ಕುಡ್ಸುದ್ರಾ?" ಎಂದುಬಿಟ್ಟರು. ಸಾಲಿನಲ್ಲಿ ಕೆಲವರು ನಕ್ಕರು. ಅಮ್ಮ ಕ್ಯಾನು ಹೊತ್ತುಕೊಂಡು ಮನೆಗೆ ಬಂದಳು. ಅಷ್ಟೂ ಹಾಲಿಗೆ ಹೆಪ್ಪು ಹಾಕಿದಳು. ಆ ವಾರವೆಲ್ಲ ನಾವು ಮೊಸರು ತಿಂದೆವು. ಅಮ್ಮ ಮೂಲೆಯಲ್ಲಿ ಕೂತು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಸುಮ್ಮನೆ ಮಜ್ಜಿಗೆ ಕಡೆಯುತ್ತಿದ್ದಳು.

ಡೈರಿಯ ಎಲೆಕ್ಷನ್ನು ಬಂದಾಗ, ಅಪ್ಪ ಮುದ್ದೆ ಮುರಿಯುತ್ತಿದ್ದ ಹೊತ್ತಿನಲ್ಲಿ, ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟು ಹೇಳಿದಳು: "ನಾನೂ ಡೈರೆಕ್ಟ್ರಾಗ್ತೀನಿ. ಸಾಲ್ ನಿಲ್ಲೋ ಜಾಗಕ್ಕೆ ಒಂದ್ ಶೀಟ್ ಹಾಕುಸ್ಬೇಕು."

ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, "ಒಂದ್ ಶೀಟಿಗೆ ಡೈರೆಕ್ಟ್ರಾಗ್ಬೇಕಾ? ಬಾಯಲ್ ಕೇಳುದ್ರೆ ಆಗಲ್ವಾ?" ಎಂದರು.

"ಕೇಳಾಯ್ತು. ಡೈರೆಕ್ಟ್ರನ್ನ ಕೇಳಿ ಅಂದ್ರು. ಡೈರೆಕ್ಟ್ರನ್ನ ಕೇಳುದ್ರೆ ಮುಂದಿನ್ ಮೀಟಿಂಗು ಅಂದ್ರು. ಅದೆಲ್ಲಿ ನಡೀತದೋ ಆ ಮೀಟಿಂಗು, ನಾನೇ ಓಗಿ ನೋಡ್ತೀನಿ."

ಅಪ್ಪ ತುತ್ತು ನುಂಗಿದರು. ಇನ್ನೊಂದು ಮುದ್ದೆ ಕೇಳಿದರು.

ನಾನು ಆಗ ಹಾಸನದ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೆ. ಕೊನೆಯ ಸೆಮಿಸ್ಟರಿನ ಮುಖ್ಯ ವಿಷಯ ಸಾರ್ವಜನಿಕ ಸಂಪರ್ಕ. ಊರಿನಿಂದ ಹೊಳೆನರಸೀಪುರದವರೆಗೆ ಆಟೋ, ಅಲ್ಲಿಂದ ಆಧಾರ್ ಕಾರ್ಡು ತೋರಿಸಿ ಹತ್ತುವ ಬಸ್ಸು, ಹಾಸನದ ಸ್ಟ್ಯಾಂಡಿನಿಂದ ಕಾಲೇಜಿಗೆ ನಡಿಗೆ. ಬಸ್ಸಿನಲ್ಲಿ ಸೀಟಿಗಾಗಿ ಕಿಟಕಿಯಿಂದ ಬ್ಯಾಗು ಎಸೆದು, ಯಾರದೋ ಟೊಮೆಟೊ ಚೀಲದ ಮೇಲೆ ಕಾಲಿಟ್ಟು ಬೈಸಿಕೊಂಡು ಬಂದು, ವಿಮಾನ ಕಂಪನಿಯೊಂದು ಪ್ರಯಾಣಿಕರ ಲಗೇಜು ಕಳೆದಾಗ ಹೇಗೆ ಕ್ಷಮೆ ಕೇಳಬೇಕು ಎಂಬುದನ್ನು ನಾವು ಕಲಿಯುತ್ತಿದ್ದೆವು. ತರಗತಿಯಲ್ಲಿ ವಿಮಾನ ಹತ್ತಿದವರು ಯಾರೂ ಇರಲಿಲ್ಲ. ನಮ್ಮ ಮೇಷ್ಟ್ರೂ ಹತ್ತಿರಲಿಲ್ಲ, ಆದರೂ ಆ ಕಳೆದುಹೋದ ಲಗೇಜಿನ ಬಗ್ಗೆ ಅವರಿಗಿದ್ದ ನೋವು ಅಪ್ಪಟವಾದದ್ದು. ಅವರು ಮೇಲಿಂದ ಮೇಲೆ ಹೇಳುತ್ತಿದ್ದ ಪದ ಸ್ಟೇಕ್‌ಹೋಲ್ಡರ್. ಒಂದು ಕೆಲಸದಿಂದ ಯಾರಿಗೆಲ್ಲ ಏನೆಲ್ಲ ತಾಗುತ್ತದೋ ಅವರೆಲ್ಲ ಸ್ಟೇಕ್‌ಹೋಲ್ಡರುಗಳು, ಅವರಲ್ಲಿ ಒಬ್ಬರನ್ನೂ ಕೈಬಿಡಬಾರದು, ಕೈಬಿಟ್ಟರೆ ಮುನಿಸಿಕೊಳ್ಳುತ್ತಾರೆ ಎಂದು ಹಲಗೆಯ ಮೇಲೆ ವೃತ್ತಗಳನ್ನು ಬರೆದು ತೋರಿಸುತ್ತಿದ್ದರು. ವೃತ್ತಗಳು ಒಂದರ ಮೇಲೊಂದು ಏರಿ ಕೊನೆಗೆ ಹಲಗೆಯಲ್ಲಿ ಜಾಗವೇ ಉಳಿಯುತ್ತಿರಲಿಲ್ಲ.

ಸೆಮಿಸ್ಟರಿನ ಪ್ರಾಜೆಕ್ಟಿಗೆ ಪ್ರತಿಯೊಬ್ಬರೂ ನಿಜವಾದ ಒಬ್ಬ ಗಿರಾಕಿಯನ್ನು ಹಿಡಿದು ಪ್ರಚಾರ ಮಾಡಿಕೊಡಬೇಕಿತ್ತು. ಒಬ್ಬ ಜಿಮ್ ಹಿಡಿದ. ಒಬ್ಬಳು ಬೇಕರಿ ಹಿಡಿದಳು, ತೂಕ ಹೆಚ್ಚಿಸಿಕೊಂಡಳು. ನಾನು ಅಮ್ಮನನ್ನು ಹಿಡಿದೆ.

"ತಾಯಿಯವರು ಕ್ಲೈಂಟ್ ಆಗಬಹುದೇ?" ಎಂದು ಮೇಷ್ಟ್ರು ಗಲ್ಲ ಕೆರೆದುಕೊಂಡರು. "ಕ್ಲೈಂಟ್ ಎಂದರೆ ಒಂದು ಸಂಸ್ಥೆ ಇರಬೇಕಲ್ಲಮ್ಮ."

"ಸಂಸ್ಥೆನೇ ಸಾರ್. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯುತ್ತೆ, ಭಾನುವಾರ ರಜೆ ಇಲ್ಲ," ಎಂದೆ. ಅವರು ಅದನ್ನು ಬರೆದುಕೊಂಡು ಒಪ್ಪಿಗೆ ಕೊಟ್ಟರು.

ಪುಸ್ತಕದಲ್ಲಿ ಹೇಳಿದ್ದಂತೆ ಮೊದಲು ಕ್ಲೈಂಟಿನ ಸಂದರ್ಶನ ಮಾಡಬೇಕು. ಅಮ್ಮ ಹಾಲು ಕರೆಯುತ್ತಿದ್ದಳು, ನಾನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪೆನ್ನು ತೆಗೆದೆ. ನಿನ್ನ ಸಂದೇಶವೇನು ಎಂದೆ. "ಸೂರು," ಎಂದಳು. ಯಾರಿಗೆ ತಲುಪಿಸಬೇಕು ಎಂದೆ. "ಹಾಲ್ ಹಾಕೋರಿಗೆ, ಇನ್ಯಾರಿಗೆ." ನಿನ್ನ ಬಲವೇನು ಎಂದೆ.

"ಸೊಂಟ ನೋವು."

"ಬಲ ಕೇಳಿದ್ದು ಅಮ್ಮ."

"ಅದೇ ಕಣೇ. ಸೊಂಟ ನೋವಿದ್ರೂ ಒಂದ್ ದಿನ ತಪ್ಪುಸ್ದಂಗೆ ಬತ್ತೀನಲ್ಲ."

ಇಡೀ ಪ್ರಚಾರಕ್ಕೆ ಇಷ್ಟು ಸಾಕಿತ್ತು. ಆದರೆ ನಮ್ಮ ಕಡೆ ಫ್ಲೆಕ್ಸು ಕಟ್ಟದೆ ಏನೂ ನಡೆದಂತಾಗುವುದಿಲ್ಲ. ನಾಮಕರಣಕ್ಕೆ ಫ್ಲೆಕ್ಸು, ತಿಥಿಗೆ ಫ್ಲೆಕ್ಸು, ಹೊಸ ಬೈಕಿಗೂ ಒಬ್ಬ ಫ್ಲೆಕ್ಸು ಹಾಕಿಸಿದ್ದಾನೆ. ಫ್ಲೆಕ್ಸಿನಲ್ಲಿ ಮುಖ ಬಾರದ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ಅರ್ಧ ಮಾತ್ರ ಹುಟ್ಟಿದವನು. ಆ ಲೆಕ್ಕದಲ್ಲಿ ಅಮ್ಮ ಇನ್ನೂ ಹುಟ್ಟೇ ಇರಲಿಲ್ಲ. ಅವಳೊಬ್ಬಳದೇ ಇರುವ ಒಂದು ಫೋಟೋ ಕೂಡ ಮನೆಯಲ್ಲಿ ಸಿಗಲಿಲ್ಲ. ಮದುವೆಯ ಫೋಟೋದಲ್ಲಿ ತಲೆ ಬಗ್ಗಿಸಿದ್ದಾಳೆ, ಆಧಾರಿನಲ್ಲಿ ಬೆಚ್ಚಿಬಿದ್ದಿದ್ದಾಳೆ.

ಕೊಟ್ಟಿಗೆಯ ಮುಂದೆ ನಾನೇ ಮೊಬೈಲಿನಲ್ಲಿ ತೆಗೆಯುತ್ತೇನೆಂದೆ. ಅಮ್ಮ ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಬೀರುವಿನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು, ಜಡೆಗೆ ಕನಕಾಂಬರ ಮುಡಿದಿದ್ದಳು. ಕ್ಯಾನು ಹಿಡಿದು ನಿಂತಳು. ಹಸು ಅವಳನ್ನು ಗುರುತು ಹಿಡಿಯದೆ ಹಗ್ಗ ಜಗ್ಗಿ ಹಿಂದೆ ಸರಿಯಿತು. "ನಾನೇ ಕಣೇ, ನಾನೇ," ಎಂದು ಅದಕ್ಕೆ ಹೇಳುತ್ತ ಅಮ್ಮ ನಕ್ಕಳು. ಆ ಕ್ಷಣಕ್ಕೆ ಒತ್ತಿದೆ. ಅಷ್ಟು ಒಳ್ಳೆಯ ಫೋಟೋ ನಾನು ಈವರೆಗೂ ತೆಗೆದಿಲ್ಲ. ಅಮ್ಮ ಮೊಬೈಲು ಇಸಿದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇದು ಎಷ್ಟ್ ದೊಡ್ದಾಗಿ ಬತ್ತದೆ?" ಎಂದು ಕೇಳಿದಳು. ಬಾಗಿಲಿನಷ್ಟು ಎಂದೆ. ಅವಳು ಬಾಗಿಲನ್ನು ಒಂದು ಸಲ ನೋಡಿದಳು.

ಫ್ಲೆಕ್ಸಿಗೆ ನಾವು ಹೋದದ್ದು ಚನ್ನರಾಯಪಟ್ಟಣಕ್ಕೆ. ನಮ್ಮ ತೆಂಗಿನಕಾಯಿ ಮಾರಾಟವಾಗುವುದು ಅಲ್ಲಿ, ಕಾಯಿ ಹೊತ್ತು ಹೋದ ಲಗೇಜ್ ಆಟೋ ಬರುವಾಗ ಫ್ಲೆಕ್ಸು ಹೊತ್ತು ತರುತ್ತದೆ. ಅಂಗಡಿಯವರು ಕಂಪ್ಯೂಟರಿನ ಮುಂದೆ ಕೂತು ನಾನು ಹೇಳಿದಂತೆಯೇ ಮಾಡಿದರು. ಅಡ್ಡಡ್ಡಕ್ಕೆ ದೊಡ್ಡ ಹಾಳೆ, ಮಧ್ಯದಲ್ಲಿ ಅಮ್ಮ ನಗುತ್ತ ನಿಂತಿದ್ದಾಳೆ, ಪಕ್ಕದಲ್ಲಿ ಎಲೆಕ್ಷನ್ನಿನ ಅಧಿಕಾರಿ ಅವಳಿಗೆ ಕೊಟ್ಟ ಗುರುತಾದ ಟೇಬಲ್ ಫ್ಯಾನು, ಕೆಳಗೆ ಒಂದೇ ಸಾಲು: 'ಹಾಲಿನ ಸಾಲಿಗೊಂದು ಸೂರು.' ಆ ಚಿತ್ರವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಹಾಕಬಾರದಿತ್ತು.

ಮೊದಲು ಬಂದವರು ದೊಡ್ಡಪ್ಪ, ಅಪ್ಪನ ಅಣ್ಣ. ಯಾವ ಕಾಲದಲ್ಲೋ ಒಂದು ಅವಧಿಗೆ ಪಂಚಾಯ್ತಿ ಮೆಂಬರಾಗಿದ್ದವರು, ಊರಲ್ಲಿ ಇವತ್ತಿಗೂ ಮೆಂಬ್ರೇ. ಜಗಲಿಯ ಮೇಲೆ ಕೂತು, ಕಾಫಿ ಮುಗಿಸಿ, ಲೋಟ ಕೆಳಗಿಟ್ಟು ಶುರು ಮಾಡಿದರು.

"ಮಗಾ, ನಾನ್ ಬದುಕಿವ್ನೋ ಇಲ್ವೋ?"

"ಯಾಕೆ ದೊಡ್ಡಪ್ಪ?"

"ಮನೆ ಹಿರೀಕ ಇಲ್ದಿರೋ ಫ್ಲೆಕ್ಸ್ ಕಟ್ಟುದ್ರೆ ಜನ ಏನಂದ್ಕತಾರೆ? ಅಣ್ತಮ್ದಿರು ಭಾಗ ಆಗವ್ರೆ ಅಂದ್ಕತಾರೆ. ಮೇಲ್ಗಡೆ ಒಂದ್ ರೌಂಡಲ್ಲಿ ಆಕು ಸಾಕು, ನಂಗೇನ್ ಆಸೆ ಇಲ್ಲ." ಎನ್ನುತ್ತಲೇ ಜೇಬಿನಿಂದ ಫೋಟೋ ತೆಗೆದರು. ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದ ಫೋಟೋ.

ಅವರು ಬಂದು ಹೋದ ಮೇಲೆ ಅಪ್ಪ ಅಡ್ಡಾಡತೊಡಗಿದರು. ಅಣ್ಣ ಇದ್ದು ಗಂಡ ಇಲ್ಲದಿದ್ದರೆ ಅದೇನು ಚೆನ್ನ ಎಂದರು. "ನಾನಿಲ್ದೆ ಅವಳು ಯಾರು ಅಂತ ಯಾರಿಗ್ ಗೊತ್ತಾಯ್ತದೆ?"

"ಅಪ್ಪ, ಓಟು ಹಾಕೋರೆಲ್ಲ ದಿನಾ ಎರಡು ಹೊತ್ತು ಅಮ್ಮನ ಹಿಂದೆ ಮುಂದೆ ನಿಂತು ಹಾಲು ಹಾಕ್ತಾರೆ. ಅವರಿಗೆ ಗೊತ್ತಿಲ್ಲದೆ ಇರೋದು ನೀನು."

"ಅದು ಹಾಲು ಮಗಾ. ಇದು ಎಲೆಕ್ಷನ್ನು," ಎಂದರು, ಮಗುವಿಗೆ ಹೇಳುವ ಹಾಗೆ. ಅಪ್ಪ ಕೆಟ್ಟವರಲ್ಲ. ಅಮ್ಮನಿಗೆ ಜ್ವರ ಬಂದರೆ ತಾವೇ ಎದ್ದು ಗಂಜಿ ಕಾಯಿಸುತ್ತಾರೆ. ಆದರೆ ಆ ಸಂಜೆ ಅವರ ಮುಖ ನೋಡಿ ನನಗೆ ಮೈಯೆಲ್ಲ ಉರಿಯಿತು.

ಮರುದಿನ ಅರಕಲಗೂಡಿನಿಂದ ಸೋದರಮಾವ ಬೈಕಿನಲ್ಲಿ ಬಂದೇಬಿಟ್ಟರು. ಅಮ್ಮನ ತಮ್ಮ. ಆಲೂಗೆಡ್ಡೆ, ಹೊಗೆಸೊಪ್ಪು ಬೆಳೆಯುತ್ತಾರೆ. ತಲೆ ಅರ್ಧ ಬೆಳ್ಳಗಾಗಿದ್ದರೂ ಅವರೂರಿನ ಫ್ಲೆಕ್ಸುಗಳಲ್ಲಿ ಅವರು ಯುವ ಮುಖಂಡರು. "ಅಕ್ಕಯ್ಯ, ತವರು ಮನೆ ಫೋಟೋ ಇಲ್ಲ ಅಂದ್ರೆ ನಿನ್ನ ಕೇಳೋರು ಯಾರೂ ಇಲ್ಲ ಅಂದ್ಕಳಲ್ವಾ ಇವ್ರು?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ಫೋಟೋ ಪೂರ್ತಿ ಆಳು: ಬಿಳಿ ಬಟ್ಟೆ, ಮುಗಿದ ಕೈ, ಒಂದು ಕಾಲು ಮುಂದೆ. ಎಲ್ಲಿಗೋ ನಡೆದುಕೊಂಡು ಹೋಗುತ್ತಿದ್ದವರನ್ನು ಯಾರೋ ತಡೆದು ಕೈಮುಗಿಸಿದಂತಿತ್ತು.

ಅಮ್ಮ ಇದೆಲ್ಲವನ್ನೂ ಅಡುಗೆಮನೆಯಿಂದ ಕೇಳುತ್ತ ಎಲ್ಲರಿಗೂ ಕಾಫಿ ಮಾಡುತ್ತಿದ್ದಳು. "ನಂದೂ ಇರ್ತದೆ ತಾನೆ?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಇರದೆ ಎಲ್ಲಿಗೆ ಹೋಗುತ್ತೆ ಎಂದೆ.

ಆಮೇಲೆ ಶುರುವಾದದ್ದು ಅಳತೆಯ ಜಗಳ. ದೊಡ್ಡಪ್ಪ ಮೊಬೈಲಿನ ಮೇಲೆ ಬೆಂಕಿಕಡ್ಡಿ ಇಟ್ಟು ಅಳೆದರು. "ಅರಕಲಗೂಡೋನ್ ಮುಖ ನನ್ನ ಮುಖಕ್ಕಿಂತ ಕಡ್ಡಿ ತಲೆಯಷ್ಟು ದೊಡ್ದಾಗದೆ. ಹೆಣ್ ಕೊಟ್ಟೋನು ಗಂಡಿನ್ ಕಡೆಯೋನ್ಗಿಂತ ದೊಡ್ಡೋನಾ?" ಅವರ ಮುಖ ಹಿಗ್ಗಿಸಿದೆವು. ಅದು ತಿಳಿದ ಮಾವ ಅರಕಲಗೂಡಿನಿಂದ ಫೋನು ಮಾಡಿ, ನಂದೇನು ಕಡಲೆಕಾಯಾ ಎಂದರು. ಅವರದ್ದನ್ನೂ ಹಿಗ್ಗಿಸಿದೆವು. ಅಪ್ಪ ಊಟ ಬಿಟ್ಟರು. ಅಪ್ಪನ ಮುಖ ಎಲ್ಲರಿಗಿಂತ ದೊಡ್ಡದಾಯಿತು. ಮತ್ತೆ ದೊಡ್ಡಪ್ಪ ಕಡ್ಡಿ ತೆಗೆದರು. ಮೇಷ್ಟ್ರ ವೃತ್ತಗಳು ನನ್ನ ಕಣ್ಣ ಮುಂದೆಯೇ ಉಬ್ಬುತ್ತಿದ್ದವು, ಯಾರನ್ನೂ ಕೈಬಿಡುವಂತಿಲ್ಲ ಎಂದು ನಾನೂ ಪ್ರತಿ ಸಲ ಚನ್ನರಾಯಪಟ್ಟಣಕ್ಕೆ ಫೋನು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ತರಗತಿಯ ಹೊರಗೆ ನಿಂತಿದ್ದಾಗ ಅಂಗಡಿಯವರೇ ಫೋನು ಮಾಡಿದರು. ದನಿಯಲ್ಲಿ ಬಹಳ ವಿನಯ.

"ಮೇಡಂ, ಎಲ್ಲಾ ಸರಿಹೋಗಿದೆ. ಯಾರೋ ಒಬ್ರು ಹೆಂಗಸರ ಫೋಟೋ ಮಾತ್ರ ಅಡ್ಡ ಬರ್ತಾ ಇದೆ. ತೆಗೆದುಬಿಡ್ಲಾ?"

"ಅವರೇ ಕ್ಯಾಂಡಿಡೇಟು."

ಆ ಕಡೆ ಮೌಸ್ ಕ್ಲಿಕ್ಕಿಸುವ ಸದ್ದು ಕೇಳಿತು. "ಹಂಗಾದ್ರೆ ಕೆಳಗಡೆ ಮೂಲೇಲಿ ಒಂಚೂರು ಜಾಗ ಇದೆ ಮೇಡಂ. ನಮ್ಮ ಅಂಗಡಿ ನಂಬರ್ ಪಕ್ಕ. ಹೆಸರು, ಆ ಸೂರಿನ ಸಾಲು ಎರಡೂ ಅಲ್ಲೇ ಹಿಡಿಯುತ್ತೆ."

ನಾನು ಕಿರುಚಾಡಿದೆ. ಅಂಗಡಿಯವರು ತಾಳ್ಮೆಯಿಂದ ಕೇಳಿಸಿಕೊಂಡು, ನಿಮ್ಮ ಮನೆಯವರನ್ನೇ ಒಂದು ಮಾತು ಕೇಳಿ ಎಂದರು. ಮನೆಗೆ ಫೋನು ಮಾಡಿದರೆ ದೊಡ್ಡಪ್ಪ ಎತ್ತಿಕೊಂಡು, ಎಲ್ಲ ಫೈನಲ್ ಆಗಿದೆ, ನಾನೇ ಪ್ರಿಂಟಿಗೆ ಹೇಳಿದ್ದೇನೆ, ಮೂರು ಕಾಪಿ ಎಂದರು. ಒಂದು ನಮ್ಮೂರಿಗೆ. ಒಂದು ಅರಕಲಗೂಡಿನ ಬಸ್ ಸ್ಟ್ಯಾಂಡಿಗೆ, ಮಾವನಿಗೋಸ್ಕರ. ಇನ್ನೊಂದು ಹಿರೀಸಾವೆಯ ಹೈವೇ ಪಕ್ಕದ ಹೋಟೆಲಿಗೆ, ಅಲ್ಲಿ ಬೆಂಗಳೂರು ಬಸ್ಸುಗಳು ನಿಲ್ಲುತ್ತವೆ, ಸಾವಿರಾರು ಜನ ನೋಡುತ್ತಾರೆ. ಅರಕಲಗೂಡಿನಲ್ಲಾಗಲಿ ಹಿರೀಸಾವೆಯಲ್ಲಾಗಲಿ ನಮ್ಮೂರ ಡೈರಿಗೆ ಹಾಲು ಹಾಕುವವರು ಒಬ್ಬರೂ ಇಲ್ಲ. ಹಾಗೆ ನೋಡಿದರೆ ಫ್ಲೆಕ್ಸಿನಲ್ಲಿದ್ದ ಗಂಡಸರಲ್ಲಿ ಒಬ್ಬರಿಗೂ ಓಟಿರಲಿಲ್ಲ, ಓಟಿದ್ದವರಲ್ಲಿ ಅಮ್ಮನನ್ನು ಬಿಟ್ಟರೆ ಯಾರೂ ಫ್ಲೆಕ್ಸಿನಲ್ಲಿರಲಿಲ್ಲ. ಇದನ್ನು ದೊಡ್ಡಪ್ಪನಿಗೆ ಹೇಳಿದೆ. "ಸುಮ್ನಿರು ಮಗಾ, ನೀನಿನ್ನೂ ಓದ್ತಾ ಇದೀಯ," ಎಂದರು.

ಫ್ಲೆಕ್ಸು ಬಂದ ದಿನವೇ ಹಾಸನದಲ್ಲಿ ನನ್ನ ಪ್ರಾಜೆಕ್ಟಿನ ಮಂಡನೆ. ಊರಿನಲ್ಲಿ ಅಪ್ಪ, ದೊಡ್ಡಪ್ಪ ಸೇರಿ ಡೈರಿಯ ಪಕ್ಕದಲ್ಲೇ ಮರದ ರೀಪುಗಳ ಚೌಕಟ್ಟು ಮಾಡಿ ಫ್ಲೆಕ್ಸು ಬಡಿಯುತ್ತಿದ್ದರು. ಮೊಳೆ ಹೊಡೆಯಲು ಅಂಚಿನಲ್ಲಿ ಒಂದಿಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ, ಇದರಲ್ಲಿ ಮುಖಗಳೇ ಅಂಚಿನವರೆಗೂ ಬಂದಿದ್ದವು. ಏನಾಯಿತೆಂದು ಆಮೇಲೆ ಅಪ್ಪನೇ ಹೇಳಿದರು. ಮೇಲೆ ಮಡಚಿದರೆ ದೊಡ್ಡಪ್ಪನ ಕೂದಲು ಹೋಗುತ್ತಿತ್ತು. ಎಡಕ್ಕೆ ಮಡಚಿದರೆ ಅಪ್ಪನ ಕಿವಿ. ಬಲಕ್ಕೆ ಮಡಚಿದರೆ ಮಾವನ ಮುಗಿದ ಕೈ, ಆಮೇಲೆ ಅರಕಲಗೂಡಿಗೆ ಯಾರು ಉತ್ತರ ಹೇಳುವುದು? ಕೆಳಗಡೆ ಇದ್ದದ್ದು ಅಂಗಡಿಯ ನಂಬರು. ನಂಬರು ತಾನೇ ಎಂದು ಒಂದು ಗೇಣು ಹಿಂದಕ್ಕೆ ಮಡಚಿ, ರೀಪಿಗೆ ಸುತ್ತಿ ಮೊಳೆ ಹೊಡೆದುಬಿಟ್ಟರು. ಫೋಟೋ ತೆಗೆದು ನನಗೆ ಕಳಿಸಿದರು.

ನನ್ನ ಸರದಿ ಬಂದಿತ್ತು. ಸರಿಯಾಗಿ ನೋಡಲೂ ಪುರುಸೊತ್ತಿಲ್ಲದೆ ಆ ಚಿತ್ರವನ್ನು ಹಾಗೆಯೇ ಪರದೆಯ ಮೇಲೆ ಹಾಕಿದೆ. ಕೂಲಿಂಗ್ ಗ್ಲಾಸು, ಅಪ್ಪ, ನಡೆಯುತ್ತಿರುವ ಮಾವ, ಟೇಬಲ್ ಫ್ಯಾನು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ತುಂಬಾ ಚೆನ್ನಾಗಿದೆ. ಇದರಲ್ಲಿ ಅಭ್ಯರ್ಥಿ ಯಾರು?"

ತರಗತಿ ಊಹಿಸತೊಡಗಿತು. ಜಿಮ್ಮಿನವನು ಮಾವನನ್ನು ಆರಿಸಿದ, ನಡಿಗೆಯಲ್ಲಿ ಹುಮ್ಮಸ್ಸಿದೆ ಎಂದ. ಬೇಕರಿಯವಳು ಅಪ್ಪನನ್ನು ಆರಿಸಿದಳು. ಮೇಷ್ಟ್ರು ದೊಡ್ಡಪ್ಪನ ಕಡೆ ವಾಲಿದರು, ನಾಯಕತ್ವದ ಕಳೆ ಇದೆಯಂತೆ. ನಾನು ಪರದೆಯ ಹತ್ತಿರ ಹೋಗಿ ಕೆಳಗಿನ ಮೂಲೆಯನ್ನು ಹುಡುಕಿದೆ. ಅಲ್ಲಿ ರೀಪಿತ್ತು.

"ಅವರು ಮಡಚಿದ ಕಡೆ ಇದ್ದಾರೆ ಸಾರ್," ಎಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿ, ಇಷ್ಟು ಸಂಪೂರ್ಣವಾಗಿ ಸ್ಟೇಕ್‌ಹೋಲ್ಡರುಗಳನ್ನು ಒಳಗೊಂಡ ಪ್ರಚಾರವನ್ನು ತಾವು ಈ ವರ್ಷ ನೋಡಿಲ್ಲ ಎಂದರು. ತರಗತಿಗೆಲ್ಲ ಹೆಚ್ಚಿನ ಅಂಕ ನನಗೇ ಬಂತು. ಕ್ಲೈಂಟ್ ಎಲ್ಲಿದ್ದಾರೆ ಎಂಬುದರ ಬಗ್ಗೆ ವರದಿಯ ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿ ಎಂದು ಮಾತ್ರ ಸೂಚಿಸಿದರು.

ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಅಳುತ್ತ ಬಂದೆ. ಪಕ್ಕದ ಅಜ್ಜಿ ತಡೆಯಲಾರದೆ, "ಫೇಲಾದ್ಯಾ ಮಗಾ?" ಎಂದರು.

"ಇಲ್ಲಜ್ಜಿ. ಫಸ್ಟ್ ಬಂದೆ."

ಅಜ್ಜಿ ತಮ್ಮ ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂತರು.

ಮನೆಗೆ ಬರುವಷ್ಟರಲ್ಲಿ ಅಮ್ಮ ಸಂಜೆಯ ಹಾಲು ಹಾಕಿ ಬಂದಿದ್ದಳು. ಅಂದು ಹಾಲು ಹಾಕಲೂ ಕನಕಾಂಬರ ಮುಡಿದುಕೊಂಡು ಹೋಗಿದ್ದಳಂತೆ. ಹೂವು ಇನ್ನೂ ಜಡೆಯಲ್ಲೇ ಇತ್ತು. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದಳು.

"ಇವ್ರಲ್ಲಿ ಯಾರಿಗಕ್ಕ ಓಟಾಕ್ಬೇಕು ಅಂತ ಎಲ್ರೂ ಕೇಳ್ತಾವ್ರೆ," ಎಂದಳು. "ನಾನೇನ್ ಹೇಳ್ಲಿ?"

ನಾನು ಬ್ಯಾಗು ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ.

"ನಾನು ನನ್ ಮುಖ ನೋಡ್ಕಳಾಕೆ ಓಗಿದ್ದೆ ಕಣೇ. ಬಾಗ್ಲಷ್ಟು ಬತ್ತದೆ ಅಂದಿದ್ಯಲ್ಲ."

ಈಗಲೇ ಹೋಗಿ ಅದನ್ನು ಹರಿದು ಬಿಸಾಡುತ್ತೇನೆ ಎಂದು ಎದ್ದೆ. ನಿಜವಾಗಿಯೂ ಹೋಗುತ್ತಿದ್ದೆ, ಕೈಯಲ್ಲಿ ಕುಡುಗೋಲು ಹಿಡಿದಿದ್ದೆ. ಅಮ್ಮ ನನ್ನ ದುಪಟ್ಟಾ ಹಿಡಿದು ಕೂರಿಸಿದಳು.

"ಹರೀಬ್ಯಾಡ. ಮುಟ್ ನೋಡ್ದೆ, ಚೆನ್ನಾಗ್ ಗಟ್ಟಿಯಾಗದೆ."

ಮರುದಿನ ಬೆಳಿಗ್ಗೆ ಮಳೆ ಹಿಡಿಯಿತು. ಕೊಡೆ ಹಿಡಿದು ನಾನೂ ಅಮ್ಮನ ಜೊತೆ ಹೋದೆ. ಸಾಲು ಆಗಲೇ ಬೆಳೆದಿತ್ತು, ಹೆಂಗಸರು ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲೇ ಫ್ಲೆಕ್ಸಿನ ಮೇಲೆ ಮೂವರು ಗಂಡಸರು ಅವರನ್ನು ನೋಡಿ ನಗುತ್ತಿದ್ದರು. ಒಳಗಿನಿಂದ "ಮುಚ್ಚಳ ತಗೀರಿ" ಎಂಬ ಕೂಗು ಬಂತು. ಅಮ್ಮ ಮುಚ್ಚಳ ತೆಗೆಯಲಿಲ್ಲ. ಕ್ಯಾನನ್ನು ನನ್ನ ಕೈಗೆ ಕೊಟ್ಟು, ಸಾಲು ಬಿಟ್ಟು, ಫ್ಲೆಕ್ಸಿನ ಹತ್ತಿರ ಹೋಗಿ ಚೌಕಟ್ಟಿನ ಕಾಲು ಅಲ್ಲಾಡಿಸಿದಳು.

"ಒಂದ್ ಕೈ ಹಿಡೀರವ್ವ," ಎಂದಳು.

ನಾಲ್ಕೈದು ಜನ ಹಿಡಿದರು. ಯಾರೋ ಮನೆಯಿಂದ ಮಚ್ಚು ತಂದರು, ಯಾರೋ ಹಸುವಿನ ಹಗ್ಗ ತಂದರು. ರೀಪುಗಳನ್ನು ಒಂದೊಂದಾಗಿ ಕಿತ್ತರು. ಕೆಳಗಿನ ರೀಪು ಕಿತ್ತಾಗ ಮಡಚಿದ್ದ ಅಂಚು ಬಿಚ್ಚಿಕೊಂಡಿತು. ಅಂಗಡಿಯ ನಂಬರಿನ ಪಕ್ಕದಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಹಸಿರು ಸೀರೆಯ ಅಮ್ಮ ಕ್ಯಾನು ಹಿಡಿದು ನಗುತ್ತಿದ್ದಳು. ಎಲ್ಲರೂ ಬಗ್ಗಿ ನೋಡಿದರು. ಅಮ್ಮನೂ ಬಗ್ಗಿದಳು.

"ಓ, ಇಲ್ಲಿವ್ನಿ ನೋಡು," ಎಂದಳು.

ಡೈರಿಯ ಕಿಟಕಿಯ ಕಂಬಿಗೆ ಎರಡು ಮೂಲೆ, ಎದುರಿನ ಹೊಂಗೆಮರಕ್ಕೆ ಎರಡು ಮೂಲೆ ಕಟ್ಟುವುದೆಂದಾಯಿತು. ಮುಖಗಳು ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂದು ಒಬ್ಬರು ಕೇಳಿದರು.

"ಮೇಲೆ," ಎಂದಳು ಅಮ್ಮ. "ಕೆಳಗ್ ಬಂದ್ರೆ ಬಾವ್ನೋರು ದಿನಾ ನೋಡ್ತಾ ಇರ್ತಾರೆ. ನಾನು ಸೆರಗು ಹೊದ್ಕೊಂಡೇ ನಿಂತಿರ್ಬೇಕಾಯ್ತದೆ."

ಹೆಂಗಸರು ನಕ್ಕ ಸದ್ದಿಗೆ ಸೆಕ್ರೆಟರಿಯವರ ಗಂಡ ಎದ್ದು ಬಾಗಿಲಿಗೆ ಬಂದರು. ಹೊರಗೆ ಸೂರು ಎದ್ದಿತ್ತು. ಸಾಲಿನ ಮುಂದಿನ ಅರ್ಧ ಅದರ ಕೆಳಗಿತ್ತು, ಕ್ಯಾನುಗಳ ಮುಚ್ಚಳ ತೆಗೆದಿತ್ತು. ಮಳೆ ಮೂವರು ಗಂಡಸರ ಮೇಲೆ ಬೀಳುತ್ತಿತ್ತು. ಸೆಕ್ರೆಟರಿಯವರ ಗಂಡ ಒಂದು ಕ್ಷಣ ನೋಡಿ ಒಳಗೆ ಹೋಗಿ ಕೂತರು.

ಅಮ್ಮನ ಸರದಿ ಬಂತು. ಮೆಷಿನ್ನಿಗೆ ಹಾಲು ಹಾಕಿದರು, ಅದು ಗುರ್ ಎಂದು ಅಂಕಿ ತೋರಿಸಿತು. ಅವರು ಇನ್ನೊಮ್ಮೆ ಹಾಕಿದರು. ಅದೇ ಅಂಕಿ ಬಂತು.

"ಸರಿಯಾಗದೆ," ಎಂದು ಗೊಣಗಿದರು.

"ಜೋರಾಗ್ ಹೇಳಣ್ಣ," ಎಂದಳು ಅಮ್ಮ. "ಅವತ್ ಹೇಳ್ದಂಗೆ ಹೇಳು."

ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದರು. ಸಾಲು ಬಾಗಿಲಿಗೇ ಬಂದು ನಿಂತಿತ್ತು. "ಅಕ್ಕನ್ ಹಾಲಲ್ ನೀರಿಲ್ಲ," ಎಂದು, ಸಾಲಿಗೆಲ್ಲ ಕೇಳುವಂತೆಯೇ ಹೇಳಿದರು. ಅಮ್ಮ ಕ್ಯಾನು ತೊಳೆದುಕೊಂಡು ಹೊರಗೆ ಬಂದಳು.

ಸುದ್ದಿ ಕೇಳಿ ದೊಡ್ಡಪ್ಪ ಬಂದಾಗ ಅವರ ಮುಖದ ಮೇಲೆಯೇ ನೀರು ನಿಂತು ಫ್ಲೆಕ್ಸು ಜೋತುಬಿದ್ದಿತ್ತು. ಒಬ್ಬಾಕೆ ಕೆಳಗಿನಿಂದ ಕೋಲಿನಲ್ಲಿ ತಿವಿದು ನೀರನ್ನು ಆಚೆ ಚೆಲ್ಲುತ್ತಿದ್ದಳು. ಅವರು ಕೊಡೆಯ ಕೆಳಗೆ ನಿಂತು ಇದನ್ನು ಬಹಳ ಹೊತ್ತು ನೋಡಿದರು. "ಇದೇನ್ ಮರ್ಯಾದೆಯಾ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಮರದ ಕಡೆಯ ಗಂಟು ಸಡಿಲವಾಗಿದೆ ಎಂದು ಅದನ್ನು ಬಿಗಿಯಲು ಹೋಗಿಬಿಟ್ಟರು. ರಸ್ತೆಯ ಕಡೆ ಅಂಚು ಜೋತುಬಿದ್ದಿದ್ದರಿಂದ, ದಾರಿಯಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ಅಮ್ಮ ಮತ್ತು ಅಂಗಡಿಯ ನಂಬರು ಮಾತ್ರ.

ಅಮ್ಮ ಗೆದ್ದಳು. ಎಷ್ಟರಿಂದ ಎಂದು ಯಾರೂ ನೆನಪಿಟ್ಟುಕೊಂಡಿಲ್ಲ. ಮೊದಲ ಮೀಟಿಂಗಿನ ದಿನ ಅಪ್ಪ ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಹೊರಟು ನಿಂತರು. ಅಮ್ಮ ಅವರ ಕೈಗೆ ಹಾಲು ಕರೆಯುವ ಚೊಂಬು ಕೊಟ್ಟು, "ನಾನ್ ಬರೋದ್ ತಡ ಆಯ್ತದೆ, ಕರು ಬಿಟ್ಟು ಕರೀರಿ," ಎಂದು ಚಪ್ಪಲಿ ಮೆಟ್ಟಿದಳು. ಶೀಟಿನ ವಿಷಯ ಪರಿಶೀಲಿಸುತ್ತೇವೆ ಎಂದು ಆ ಮೀಟಿಂಗಿನಲ್ಲಿ ಬರೆದುಕೊಂಡರಂತೆ. ಪರಿಶೀಲನೆ ಇನ್ನೂ ನಡೆಯುತ್ತಿದೆ. ಅಮ್ಮ ಪ್ರತಿ ಮೀಟಿಂಗಿಗೂ ಹೋಗಿ ಎಲ್ಲಿಗೆ ಬಂತು ಎಂದು ಕೇಳಿ ಬರುತ್ತಾಳೆ.

ಗೆದ್ದ ಸಂಜೆಯೇ ಮಾವ ಅರಕಲಗೂಡಿನಿಂದ ಬಂದಿದ್ದರು. ಮುನಿಸು ಮರೆತು ದೊಡ್ಡಪ್ಪನೂ ಬಂದರು. ಅಭಿನಂದನೆಯ ಫ್ಲೆಕ್ಸು ಹಾಕಿಸಲೇಬೇಕು ಎಂದು ಜಗಲಿಯಲ್ಲಿ ತೀರ್ಮಾನವಾಯಿತು. ಬೆಂಕಿಕಡ್ಡಿ ಹೊರಗೆ ಬಂತು. ನನಗೆ ಕುದಿಯುತ್ತಿತ್ತು. ಈ ಸಲ ಅಮ್ಮನ ಫೋಟೋ ಒಂದೇ, ಬಾಗಿಲಿನಷ್ಟು, ಇಲ್ಲದಿದ್ದರೆ ಫ್ಲೆಕ್ಸೇ ಬೇಡ ಎಂದು ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ.

ಅಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಸುಮ್ನಿರೇ, ಅವ್ರವೇ ಇರ್ಲಿ," ಎಂದಳು. ಆಮೇಲೆ ದೊಡ್ಡಪ್ಪನ ಕಡೆಗೆ, ಸೆರಗು ಸರಿಮಾಡಿಕೊಂಡು, ತಲೆ ಬಗ್ಗಿಸಿ, "ಬಾವ, ಹೋದ್ ಸಲದ್ದಕ್ಕಿಂತ ನಾಕಡಿ ಉದ್ದ ಮಾಡ್ಸಿ. ಹಿಂದ್ಗಡೆ ನಿಲ್ಲೋರು ನೆನೀತಾವ್ರೆ," ಎಂದಳು.

ನಾಲ್ಕಡಿ ಹೆಚ್ಚಾದರೆ ಇನ್ನೂ ಇಬ್ಬರ ಫೋಟೋ ಹಿಡಿಯುತ್ತದೆ ಎಂದು ಮಾವ ಖುಷಿಪಟ್ಟರು. ದೊಡ್ಡಪ್ಪ ಬೇಡವೆನ್ನಲಿಲ್ಲ. ನಾನು ಚನ್ನರಾಯಪಟ್ಟಣಕ್ಕೆ ಫೋನು ಮಾಡಿ ಅಳತೆ ಹೇಳಿದೆ. ಮೇಡಂ, ಆ ಹೆಂಗಸರ ಫೋಟೋ ಈ ಸಲ ಎಲ್ಲಿ ಹಾಕಲಿ ಎಂದು ಅಂಗಡಿಯವರು ಕೇಳಿದರು. ಫೋನನ್ನು ಅಂಗೈಯಿಂದ ಮುಚ್ಚಿ ಅಮ್ಮನನ್ನು ಕೇಳಿದೆ.

"ನಂದ್ ಯಾಕೆ?" ಎಂದಳು, ಲೋಟಗಳನ್ನು ಎತ್ತಿಕೊಳ್ಳುತ್ತ. "ನಾನ್ ಕೆಳಗಡೆ ನಿಂತಿರ್ತೀನಲ್ಲ."